ಉಳಿಯ ಮೊನೆಯಲ್ಲಿ ಅರಳಿದ ಬಾಳು

ಬಾಳಿಗೆ ಅರ್ಥವೂ ಸೊಬಗೂ ಎಲ್ಲಿಂದ ಒದಗುತ್ತವೆ? ಈ ಪ್ರಶ್ನೆಗೆ ದಾರ್ಶನಿಕರು ಮಾತ್ರವಲ್ಲ, ಉಳಿ ಹಿಡಿದ ಕೈಗಳೂ ಉತ್ತರ ಹೇಳಿವೆ. ಸದ್ಭಕ್ತರು ಹೊಯ್ಸಳರ ದೇವಾಲಯಗಳಿಗೆ ಹೋದಾಗ ಮೂರ್ತಿಗಳ ಮುಖವನ್ನು ನೋಡಿ ಮರಳದೆ, ಅವುಗಳ ಪಾದಪೀಠವನ್ನೂ ಒಮ್ಮೆ ಬಾಗಿ ನೋಡಬೇಕು. ಶಾಸನಗಳಲ್ಲಿ ಅರಸರ ಬಿರುದುಗಳು ಮೊಳಗಿದರೆ, ಅಲ್ಲಿ ದುಡಿದವರ ಹೆಸರುಗಳು ಮೆಲುದನಿಯಲ್ಲಿ ನುಡಿಯುತ್ತವೆ.

1117ರಲ್ಲಿ ವಿಷ್ಣುವರ್ಧನನು ಬೇಲೂರಿನಲ್ಲಿ ಚೆನ್ನಕೇಶವನ ಪ್ರತಿಷ್ಠೆ ಮಾಡಿಸಿದನು. ಅಲ್ಲಿಯ ಮದನಿಕೆಯರಲ್ಲಿ ಕೆಲವರನ್ನು ಕಂಡರಿಸಿದವರು ದಾಸೋಜ ಮತ್ತು ಅವನ ಮಗ ಚಾವಣ. ಇವರು ಬಳ್ಳಿಗಾವೆಯವರು, ಅಲ್ಲಮಪ್ರಭುಗಳ ನೆನಪನ್ನು ಹೊತ್ತ ಊರೂ ಅದೇ. ತಂದೆಯ ವಿದ್ಯೆ ಮಗನ ಕೈಗಿಳಿದು, ಇಬ್ಬರ ಹೆಸರೂ ಒಂದೇ ಗುಡಿಯಲ್ಲಿ ಉಳಿದುದು ಎಂತಹ ಭಾಗ್ಯ!

ಇವರಿಗಿಂತಲೂ ನಮ್ಮನ್ನು ಚಿಂತನೆಗೆ ಹಚ್ಚುವವನು ರೂವಾರಿ ಮಲ್ಲಿತಮ್ಮ. 1196ರ ಅಮೃತಾಪುರದ ಅಮೃತೇಶ್ವರ ದೇವಾಲಯದಲ್ಲಿ ಅವನ ಹೆಸರಿದೆ. 1246ರ ನುಗ್ಗೇಹಳ್ಳಿಯಲ್ಲಿಯೂ, ಅನಂತರ ಸೋಮನಾಥ ದಂಡನಾಯಕನು ಕಟ್ಟಿಸಿದ ಸೋಮನಾಥಪುರದ ಕೇಶವಾಲಯದಲ್ಲಿಯೂ ಅದೇ ಹೆಸರು ಕಾಣುತ್ತದೆ. ಇವನೊಬ್ಬನೇ ಸುಮಾರು 60 ವರ್ಷ ದುಡಿದನೆಂದು ವಿದ್ವಾಂಸರು ಎಣಿಸುತ್ತಾರೆ. ಆ ಅವಧಿಯಲ್ಲಿ ಅರಸರು ಬದಲಾದರು, ಗುಡಿ ಕಟ್ಟಿಸಿದ ದಂಡನಾಯಕರು ಬದಲಾದರು. ಅವನ ಉಳಿ ಮಾತ್ರ ನಿಲ್ಲಲಿಲ್ಲ. ಹರನ ಗುಡಿಯಲ್ಲಿಯೂ ಹರಿಯ ಗುಡಿಯಲ್ಲಿಯೂ ಅದು ಒಂದೇ ಶ್ರದ್ಧೆಯಿಂದ ನಡೆಯಿತು. ನುಗ್ಗೇಹಳ್ಳಿಯಲ್ಲಿ ಉತ್ತರದ ಭಿತ್ತಿ ಇವನದು, ದಕ್ಷಿಣದ ಭಿತ್ತಿ ಬೈಚೋಜನದು. ಎರಡು ಕೈಗಳು ದುಡಿದರೂ ದೇವಾಲಯ ಒಂದೇ ಆಯಿತು.

ಇವರು ಆರಿಸಿಕೊಂಡುದು ಬಳಪದ ಕಲ್ಲು. ಗಣಿಯಿಂದ ತೆಗೆದ ಹೊಸತರಲ್ಲಿ ಅದು ಮೃದು. ಗಾಳಿ ಬಿಸಿಲು ತಾಗಿದಂತೆ ಗಡುಸಾಗುತ್ತದೆ. ಆದುದರಿಂದಲೇ ಸರದ ಒಂದೊಂದು ಮಣಿಯನ್ನೂ ಬಿಡಿಸಿ ತೋರಿಸುವ ಕುಸುರಿ ಸಾಧ್ಯವಾಯಿತು. ಮನುಷ್ಯನ ಮನಸ್ಸೂ ಹಾಗೆಯೇ ಅಲ್ಲವೇ? ಎಳೆಯದರಲ್ಲಿ ಮೂಡಿದ ಸಂಸ್ಕಾರವೇ ಮುಂದೆ ಗಟ್ಟಿಯಾಗಿ ನಿಲ್ಲುತ್ತದೆ.

2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ವಿಶ್ವಪರಂಪರೆಯ ತಾಣಗಳಾದವು. ಲೋಕದ ಮನ್ನಣೆ ಬಂದುದು ಏಳರಿಂದ ಒಂಬತ್ತು ಶತಮಾನಗಳ ಬಳಿಕ. ಶಿಲ್ಪಿಗೆ ದುಡಿಮೆಯ ಸಾರ್ಥಕ್ಯವು ಅಂದೇ, ಕೈಯ ಕೆಳಗೇ ದೊರೆತಿರಬೇಕು. ಸೌಂದರ್ಯವು ಉಳ್ಳವರ ವಿಲಾಸವಲ್ಲ, ಮಾಡುವ ಕೆಲಸದಲ್ಲಿ ಮನಸ್ಸನ್ನು ಪೂರ್ಣವಾಗಿ ಇರಿಸುವುದರ ಫಲ. ಹೊಲದ ಸಾಲು, ಅಂಗಳದ ರಂಗವಲ್ಲಿ, ಶಾಲೆಯ ಪಾಠ ಇವುಗಳಲ್ಲಿ ತಮ್ಮ ಪಾಲಿಗೆ ಬಂದ ಭಿತ್ತಿ ಯಾವುದೆಂದು ಓದುಗರು ಗುರುತಿಸಿಕೊಳ್ಳಲಿ. ಅದನ್ನು ಅಂದವಾಗಿ ತುಂಬಲಿ.