ಮೂಗಿಗಿಂತ ಮೂಗುತಿ ಭಾರ: ಕಾರಿನ ಗಾಳಿಕೊಳವೆಯ ಚರಿತ್ರೆ

ಬಂಕಿನಲ್ಲಿ ಪೆಟ್ರೋಲು ಹಾಕಿಸುವಾಗ ನಾವೆಲ್ಲ ಕಣ್ಣು ಮಿಟುಕಿಸದೆ ಮೀಟರು ನೋಡುತ್ತೇವೆ. ಆದರೆ ಅದೇ ಒಂದು ಲೀಟರು ಪೆಟ್ರೋಲು ಸುಡೋದಕ್ಕೆ ಎಂಜಿನ್ನು ಹೆಚ್ಚುಕಡಿಮೆ 9,000 ಲೀಟರು ಗಾಳಿ ಕುಡಿಯಬೇಕು ಅನ್ನೋದು ಎಷ್ಟು ಜನರಿಗೆ ಗೊತ್ತು? ಗಾಳಿ ಪುಕ್ಕಟೆ ನೋಡಿ, ಅದಕ್ಕೇ ಯಾರೂ ಲೆಕ್ಕ ಇಟ್ಟಿಲ್ಲ :-)

ಅದು ಪುಕ್ಕಟೆ ಆದರೂ ಅದು ಬರುವ ಕೊಳವೆ ಪುಕ್ಕಟೆ ಅಲ್ಲ. ನಮ್ಮಕ್ಕನ ಮಗ ಕೆಲಸಕ್ಕೆ ಸೇರಿ ಇನ್ನೂ ವರ್ಷ ಆಗಿಲ್ಲ, ಒಂದು ಸೆಕೆಂಡ್ ಹ್ಯಾಂಡ್ ಕಾರು ಕೊಂಡಿದ್ದಾನೆ. "ಮಾಮ, ಕೋಲ್ಡ್ ಏರ್ ಇಂಟೇಕ್ ಹಾಕಿಸ್ಲಾ? ಪವರ್ ಜಾಸ್ತಿ ಆಗುತ್ತಂತೆ" ಅಂತ ಕೇಳಿದ. ಅವನು ಹೇಳಿದ ರೇಟು ಅವನ ರೂಮಿನ ಒಂದು ತಿಂಗಳ ಬಾಡಿಗೆಗಿಂತ ಜಾಸ್ತಿ. ಹೌದು ಅಥವಾ ಬೇಡ ಅಂತ ಒಂದೇ ಮಾತಲ್ಲಿ ಹೇಳಬಹುದಿತ್ತು. ಆದರೆ ಈ ಕೊಳವೆಯ ಹಿಂದೆ ನೂರು ವರ್ಷಕ್ಕೂ ಮೀರಿದ ಒಂದು ಜಗ್ಗಾಟ ಇದೆ, ಅದನ್ನು ಬಿಟ್ಟು ಉತ್ತರ ಹೇಳಿದರೆ ಅರ್ಧ ಉತ್ತರ ಆಗುತ್ತೆ.

ಮೊದಮೊದಲ ಕಾರುಗಳಿಗೆ ಮೂಗಿನಲ್ಲಿ ಕೂದಲೇ ಇರಲಿಲ್ಲ. 1908ರಿಂದ 1927ರವರೆಗೆ ಒಂದೂವರೆ ಕೋಟಿ ತಯಾರಾದ ಫೋರ್ಡ್ ಮಾಡೆಲ್ ಟಿ ಕಾರಿಗೆ ಕಾರ್ಖಾನೆಯಿಂದ ಏರ್ ಫಿಲ್ಟರೇ ಬರುತ್ತಿರಲಿಲ್ಲ. ಮಣ್ಣಿನ ರಸ್ತೆ, ಬಾಯಿ ತೆರೆದ ಕಾರ್ಬ್ಯುರೇಟರ್! ಒಳಗೆ ಹೋದ ಧೂಳು ಎಣ್ಣೆ ಜೊತೆ ಸೇರಿ ಮರಳು ಕಾಗದ ಉಜ್ಜಿದ ಹಾಗೆ ಪಿಸ್ಟನ್ನು, ರಿಂಗು, ಸಿಲಿಂಡರ್ ಗೋಡೆ ಎಲ್ಲವನ್ನೂ ತಿನ್ನುತ್ತಿತ್ತು. ಹೊಲದಲ್ಲಿ ಉಳುವ ಟ್ರ್ಯಾಕ್ಟರಿನ ಪಾಡು ಇನ್ನೂ ಕೆಟ್ಟದ್ದು. ಫ್ರಾಂಕ್ ಡೊನಾಲ್ಡ್‌ಸನ್ ಅನ್ನುವ ಟ್ರ್ಯಾಕ್ಟರ್ ಮಾರಾಟಗಾರ ಅಮೆರಿಕದ ಯೂಟಾದಲ್ಲಿ ಈ ಗೋಳು ನೋಡಿ, ತಂತಿ ಪಂಜರಕ್ಕೆ ಬಟ್ಟೆ ಸುತ್ತಿ ಎಂಜಿನ್ನಿನ ಮೂಗಿಗೆ ಕಟ್ಟಿದ. 1915ರಲ್ಲಿ ಅದನ್ನೇ ಕಂಪನಿ ಮಾಡಿಕೊಂಡ. ಅಂದರೆ ಹೊರಗಿನಿಂದ ತಂದು ಮೂಗಿಗೆ ಕೂರಿಸುವ ಸಾಮಾನು ಆಗ ಬೇಕಾಗಿದ್ದು ಎಂಜಿನ್ ಉಳಿಸಿಕೊಳ್ಳೋದಕ್ಕೆ, ಓಟಕ್ಕಲ್ಲ. ಈಗಿನ ಜಾಹೀರಾತುಗಳಲ್ಲಿ ಈ ಮಾತು ಹುಡುಕಿದರೂ ಸಿಗಲ್ಲ.

ಆಮೇಲೆ ಬಂತು ಆಯಿಲ್ ಬಾತ್ ಕ್ಲೀನರು. ಗಾಳಿ ಎಣ್ಣೆ ಬಟ್ಟಲಿನ ಮೇಲೆ ಬಂದು ಗಕ್ಕನೆ ತಿರುಗಬೇಕು, ಭಾರದ ಧೂಳಿಗೆ ಆ ತಿರುವು ಆಗಲ್ಲ, ಎಣ್ಣೆಗೆ ಬೀಳುತ್ತೆ. ಯುದ್ಧಕಾಲದ ವಿಲ್ಲೀಸ್ ಜೀಪಿನಲ್ಲಿ ಇದೇ ಇತ್ತು. 1947ರಿಂದ ಮಹೀಂದ್ರಾದವರು ಅದೇ ಜೀಪನ್ನು ಜೋಡಿಸತೊಡಗಿದಾಗ ನಮ್ಮ ದೇಶಕ್ಕೂ ಬಂತು. ಹಳೇ ಜೀಪಿನ ಬಟ್ಟಲು ಬಿಚ್ಚಿ, ತಳದಲ್ಲಿ ಕೂತ ಕೆಸರನ್ನು ಕೆರೆದು ತೆಗೆದವರಿಗೆ ನಮ್ಮ ರಸ್ತೆ ಏನು ಅಂತ ಬೇರೆ ಯಾರೂ ಹೇಳಬೇಕಿಲ್ಲ.

ಧೂಳು ತಡೆದರೆ ಗಾಳಿಗೂ ಅಡ್ಡಿ, ಗಾಳಿಗೆ ದಾರಿ ಬಿಟ್ಟರೆ ಧೂಳಿಗೂ ದಾರಿ. ಈ ಜಗ್ಗಾಟ ಪ್ರಾಣಕ್ಕೇ ಬಂದಿದ್ದು 1942ರಲ್ಲಿ, ಅದೂ ವಿಮಾನದಲ್ಲಿ. ಮಾಲ್ಟಾಕ್ಕೆ ಮತ್ತು ಉತ್ತರ ಆಫ್ರಿಕಾದ ಮರಳುಗಾಡಿಗೆ ಬ್ರಿಟಿಷರು ಸ್ಪಿಟ್‌ಫೈರ್ ಮಾರ್ಕ್ 5 ವಿಮಾನಗಳನ್ನು ಕಳಿಸಿದರು. ಮರಳು ಒಳಗೆ ಹೋದರೆ ಮರ್ಲಿನ್ ಎಂಜಿನ್ನು ಬಾಳೋದಿಲ್ಲ ಅಂತ ಮೂತಿಯ ಕೆಳಗೆ 'ವೋಕ್ಸ್' ಅನ್ನುವ ದೊಡ್ಡ ಫಿಲ್ಟರ್ ಕೂರಿಸಿದರು. ಅಷ್ಟು ಚೆಂದದ ವಿಮಾನಕ್ಕೆ ಗದ್ದಕಟ್ಟು ಬಂದ ಹಾಗೆ ಕಾಣುತ್ತಿತ್ತು. ಎಂಜಿನ್ನು ಉಳಿಯಿತು ನಿಜ, ಆದರೆ ವೇಗ ಇಳಿಯಿತು, ಮೇಲೇರುವುದೂ ನಿಧಾನವಾಯಿತು. ಎದುರಿಗೆ ಮೆಸ್ಸರ್‌ಶ್ಮಿಟ್ ಬಂದಾಗ ಈ ನಿಧಾನದ ಬೆಲೆ ಏನು ಅಂತ ಪೈಲಟ್ಟುಗಳನ್ನು ಕೇಳಬೇಕು. ಕೊನೆಗೆ ಈಜಿಪ್ಟಿನ ಅಬೂಕಿರ್‌ನಲ್ಲಿದ್ದ ರಿಪೇರಿ ಘಟಕದ ಮೆಕ್ಯಾನಿಕ್ಕುಗಳು ತಾವೇ ಕೂತು ಚಿಕ್ಕದಾದ, ಗಾಳಿಗೆ ಅಡ್ಡ ಬರದ ಇನ್ನೊಂದು ಫಿಲ್ಟರ್ ಮಾಡಿದರು. ಅದಕ್ಕೆ ಇವತ್ತಿಗೂ ಅಬೂಕಿರ್ ಫಿಲ್ಟರ್ ಅಂತಲೇ ಹೆಸರು. ನನ್ನ ಮಟ್ಟಿಗೆ ಪೂರ್ತಿ ದುಡ್ಡಿಗೆ ಬಾಳುವ 'ಆಫ್ಟರ್‌ಮಾರ್ಕೆಟ್ ಇಂಟೇಕ್' ಅಂದರೆ ಅದೇ. ಕಂಪನಿಯ ವಿನ್ಯಾಸದಲ್ಲಿ ನಿಜವಾದ ಕೊರತೆ ಇತ್ತು, ಅಳೆದು ನೋಡಿ ಸರಿಪಡಿಸಿದರು.

ಇನ್ನು ಅಮೆರಿಕದ 1960ರ ದಶಕ. ಪೆಟ್ರೋಲು ಅಗ್ಗ, ಎಂಜಿನ್ನು ಆನೆಯಷ್ಟು. 1964ರ ಪಾಂಟಿಯಾಕ್ ಜಿಟಿಓ ಕಾರಿನ ಬಾನೆಟ್ ಮೇಲೆ ಗಾಳಿ ನುಂಗುವ ಬಾಯಿಗಳಿದ್ದವು. ತಮಾಷೆ ಅಂದರೆ ಅವು ಸುಳ್ಳು ಬಾಯಿ, ಮುಚ್ಚಿದ್ದವು! 1965ರಲ್ಲಿ ಡೀಲರುಗಳ ಬಳಿ ಒಂದು ಕಿಟ್ ಸಿಗತೊಡಗಿತು. ಬಾಯಿ ಕತ್ತರಿಸಿ ತೆರೆಯಿರಿ, ಕಾರ್ಬ್ಯುರೇಟರುಗಳ ಸುತ್ತ ಒಂದು ತಟ್ಟೆ ಕೂರಿಸಿ, ಫೋಮಿನಿಂದ ಸಂದು ಮುಚ್ಚಿ. ಇದಕ್ಕೆ 'ರಾಮ್ ಏರ್' ಅಂತ ಹೆಸರು (ನಮ್ಮ ರಾಮ ಅಲ್ಲ, ಗುದ್ದಿ ತುಂಬುವ ರಾಮ್). ಪ್ಲಿಮತ್ ರೋಡ್ ರನ್ನರ್ 1970ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಗುಂಡಿ ಒತ್ತಿದರೆ ಬಾನೆಟ್ಟಿನ ಮುಚ್ಚಳ ಏಳುತ್ತೆ, ಅದರ ಪಕ್ಕದಲ್ಲಿ ಶಾರ್ಕ್ ಹಲ್ಲಿನ ಚಿತ್ರ! ಸಿಗ್ನಲ್ಲಿನಲ್ಲಿ ಪಕ್ಕದ ಕಾರಿನವನಿಗೆ ಹಲ್ಲು ಕಿರಿದು ತೋರಿಸೋದು ಅಂದರೆ ಇದೇ.

ಇದರಲ್ಲಿ ಹುರುಳಿತ್ತೇ? ಲೆಕ್ಕ ಹಾಕಿ ನೋಡಿ. ಗಂಟೆಗೆ 100 ಕಿ.ಮೀ. ವೇಗದಲ್ಲಿ ಎದುರುಗಾಳಿಯ ಒತ್ತಡ ವಾತಾವರಣದ ಒತ್ತಡದ ಶೇ. 0.5ರಷ್ಟೂ ಇಲ್ಲ. 200ರಲ್ಲಿ ಹೋದರೂ ಶೇ. 2 ದಾಟಲ್ಲ. ಹಾಗಾಗಿ 'ಗುದ್ದಿ ತುಂಬೋದು' ಬಹುಮಟ್ಟಿಗೆ ಹೆಸರಿಗೆ ಮಾತ್ರ. ಆದರೆ ತಂಪು ಗಾಳಿಯ ಲೆಕ್ಕ ಬೇರೆ. ಆಗಿನ ಎಷ್ಟೋ ಕಾರುಗಳು ಬಾನೆಟ್ಟಿನ ಒಳಗಿನ ಬಿಸಿ ಗಾಳಿಯನ್ನೇ ಕುಡಿಯುತ್ತಿದ್ದವು. ಹೊರಗೆ 30 ಡಿಗ್ರಿ, ಒಳಗೆ 60 ಡಿಗ್ರಿ ಅಂತ ಇಟ್ಟುಕೊಂಡರೆ ಒಳಗಿನ ಗಾಳಿ ಶೇ. 9ರಷ್ಟು ತೆಳು. ಅಷ್ಟು ಉಸಿರು ಕಡಿಮೆ. ಬಾನೆಟ್ ಕತ್ತರಿಸಿದ ಆ ಹುಡುಗರು ದಡ್ಡರಲ್ಲ, ಅವರಿಗೆ ಲಾಭ ನಿಜವಾಗಿ ಸಿಗುತ್ತಿತ್ತು.

ನಂತರ ಹೊಗೆಯ ಕಾನೂನು ಬಂತು. 1970ರಲ್ಲಿ ಅಮೆರಿಕದ ಕ್ಲೀನ್ ಏರ್ ಆಕ್ಟ್ ಬಿಗಿಯಾದ ಮೇಲೆ ಕಂಪನಿಗಳು ಗಾಳಿಯ ಬಾಯಿಯನ್ನು ಕಿರಿದು ಮಾಡಿದವು, ತಣ್ಣನೆಯ ಎಂಜಿನ್ ಶುರುವಾದಾಗ ಪೆಟ್ರೋಲು ಚೆನ್ನಾಗಿ ಆವಿಯಾಗಲಿ ಅಂತ ಸೈಲೆನ್ಸರ್ ಕಡೆಯ ಬಿಸಿಗಾಳಿ ಎಳೆದುಕೊಳ್ಳುವ ಕವಾಟ ಇಟ್ಟವು. ಹುಡುಗರು ಸುಮ್ಮನಿದ್ದರೇ? ಏರ್ ಕ್ಲೀನರಿನ ಮುಚ್ಚಳ ತೆಗೆದು ತಲೆಕೆಳಗು ಮಾಡಿ ಮತ್ತೆ ಕೂರಿಸಿದರು. ಸುತ್ತ ಸಂದು ಬಿಟ್ಟು ಎಂಜಿನ್ನು 'ಭರ್ರ್' ಅಂತ ಸದ್ದು ಮಾಡಿತು. ಬಿಸಿ ಗಾಳಿಯೇ ಹೋಗುತ್ತಿದ್ದರೂ ಸದ್ದು ಕೇಳಿದ ಕೂಡಲೇ ಶಕ್ತಿ ಜಾಸ್ತಿ ಆಯಿತು ಅನ್ನಿಸುತ್ತೆ. ಈ ವ್ಯಾಪಾರದ ಗುಟ್ಟು ಅರ್ಧ ಇಲ್ಲೇ ಇದೆ ಅಂತ ನನ್ನ ಗುಮಾನಿ.

1969ರಲ್ಲಿ ಕ್ಯಾಲಿಫೋರ್ನಿಯಾದ ರಿವರ್‌ಸೈಡಿನಲ್ಲಿ ಬೈಕು ಮಾರುತ್ತಿದ್ದ ಕೆನ್ ಜಾನ್ಸನ್ ಮತ್ತು ನಾರ್ಮ್ ಮ್ಯಾಕ್‌ಡೊನಾಲ್ಡ್ ಸೇರಿ ಎಣ್ಣೆ ಸವರಿದ ಹತ್ತಿಬಟ್ಟೆಯ ಫಿಲ್ಟರ್ ತಂದರು. ಅದೇ 'ಕೆ ಅಂಡ್ ಎನ್'. ತೊಳೆದು ಮತ್ತೆ ಬಳಸಬಹುದು, ಮರುಭೂಮಿಯ ರೇಸಿಗೆ ಹೇಳಿ ಮಾಡಿಸಿದ್ದು. 1990ರ ದಶಕದಲ್ಲಿ ಅದೇ ದಕ್ಷಿಣ ಕ್ಯಾಲಿಫೋರ್ನಿಯಾದ ಹುಡುಗರು ಹೋಂಡಾ ಸಿವಿಕ್ಕಿಗೆ ಹೊಳೆಯುವ ಅಲ್ಯೂಮಿನಿಯಂ ಕೊಳವೆ ಹಾಕತೊಡಗಿದರು, 2001ರ 'ಫಾಸ್ಟ್ ಅಂಡ್ ಫ್ಯೂರಿಯಸ್' ಸಿನಿಮಾ ಅದನ್ನು ಲೋಕಕ್ಕೆಲ್ಲ ಹಂಚಿತು. ನಮ್ಮೂರಿಗೂ ಬಂದಿದ್ದು ಹಾಗೇ.

ಆದರೆ ಅಷ್ಟರೊಳಗೆ ಕಾರೇ ಬದಲಾಗಿತ್ತು! ಕಾರ್ಬ್ಯುರೇಟರ್ ಹೋಗಿ ಫ್ಯುಯೆಲ್ ಇಂಜೆಕ್ಷನ್ ಬಂತು (ನಮ್ಮಲ್ಲಿ 2000ದ ಹೊಗೆ ನಿಯಮದ ಹೊತ್ತಿಗೆ, 'ಎಂಪಿಎಫ್‌ಐ' ಅಂತ ಡಿಕ್ಕಿ ಮೇಲೆ ಸ್ಟಿಕ್ಕರ್ ನೆನಪಿದೆಯಾ?). ಕಂಪನಿಗಳೇ ಗಾಳಿಯ ಬಾಯಿಯನ್ನು ರೇಡಿಯೇಟರಿನ ಮುಂದಕ್ಕೋ ಮಡ್‌ಗಾರ್ಡಿನ ಒಳಕ್ಕೋ ಒಯ್ದು ಹೊರಗಿನ ತಂಪು ಗಾಳಿ ಕೊಡತೊಡಗಿದವು. ಆ ಶೇ. 9ರಲ್ಲಿ ಬಹುಪಾಲನ್ನು ಕಾರ್ಖಾನೆಯವರೇ ಕೊಟ್ಟಾಯಿತು. ಉಳಿದ ಚೂರಿಗೆ ನಾವು ಸಾವಿರಗಟ್ಟಲೆ ಸುರಿಯಬೇಕು. ಎಷ್ಟೋ ಅಗ್ಗದ ಕಿಟ್‌ಗಳಲ್ಲಂತೂ ಫಿಲ್ಟರ್ ಬಾನೆಟ್ಟಿನ ಒಳಗೇ ಬೆತ್ತಲೆ ಕೂತಿರುತ್ತೆ. ಹೆಸರು ಮಾತ್ರ 'ಕೋಲ್ಡ್'.

ಇನ್ನೊಂದು ಸೂಕ್ಷ್ಮ ಇದೆ. ಕೆಲವು ಕಾರುಗಳಲ್ಲಿ ಒಳಬರುವ ಗಾಳಿಯನ್ನು ಅಳೆಯೋದು ಕೊಳವೆಯೊಳಗಿನ ಒಂದು ಕಾದ ತಂತಿ. ಕೊಳವೆ ಅಗಲವಾದರೆ ತಂತಿಯ ಹತ್ತಿರ ಗಾಳಿ ನಿಧಾನ, ಗಾಳಿ ಕಡಿಮೆ ಬಂತು ಅಂತ ಕಂಪ್ಯೂಟರು ಪೆಟ್ರೋಲು ಕಡಿಮೆ ಬಿಡುತ್ತೆ. ಪೂರ್ತಿ ಒತ್ತಿದಾಗ ಕಾರ್ಖಾನೆಯವರು ಎಂಜಿನ್ ತಂಪಾಗಿರಲಿ ಅಂತ ಹೆಚ್ಚು ಪೆಟ್ರೋಲು ಇಟ್ಟಿರುತ್ತಾರಲ್ಲ, ಅದು ಕಡಿಮೆಯಾಗಿ ಕೊಂಚ ಶಕ್ತಿ ಹೆಚ್ಚಿದಂತೆ ಕಾಣಬಹುದು. ಅಂದರೆ ಎಂಜಿನ್ನಿನ ಸುರಕ್ಷತೆಗೆ ಇಟ್ಟ ಗಂಟಿನಿಂದ ತೆಗೆದ ದುಡ್ಡು ಅದು. ಫಿಲ್ಟರಿಗೆ ಎಣ್ಣೆ ಜಾಸ್ತಿ ಸವರಿದರೆ ಅದು ಹೋಗಿ ಅದೇ ತಂತಿಗೆ ಮೆತ್ತಿಕೊಳ್ಳೋದೂ ಉಂಟು.

ಮೈಲೇಜು? 2009ರಲ್ಲಿ ಅಮೆರಿಕದ ಓಕ್ ರಿಡ್ಜ್ ಪ್ರಯೋಗಾಲಯದವರು ಬೇಕೆಂದೇ ಫಿಲ್ಟರ್ ಕಟ್ಟಿಸಿ ಕಾರು ಓಡಿಸಿ ನೋಡಿದರು. ಇಂಜೆಕ್ಷನ್ ಕಾರಿನ ಮೈಲೇಜು ಕದಲಲಿಲ್ಲ, ವೇಗ ಹಿಡಿಯೋದು ಮಾತ್ರ ನಿಧಾನವಾಯಿತು. ಕಾರಣ ಸುಲಭ. ನಾವು ದಿನಾ ಓಡಿಸುವಾಗ ಥ್ರಾಟಲ್ ಅರ್ಧ ಮುಚ್ಚಿಯೇ ಇರುತ್ತೆ. ನಲ್ಲಿ ಅರ್ಧ ತಿರುಗಿಸಿಟ್ಟು ಹಿಂದಿನ ಪೈಪು ದಪ್ಪ ಮಾಡಿದರೆ ನೀರು ಜಾಸ್ತಿ ಬರುತ್ತದೆಯೇ?

ಅಂದ ಹಾಗೆ ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ. ಗಾಳಿಯ ಒತ್ತಡ ಕರಾವಳಿಗಿಂತ ಶೇ. 10ರಷ್ಟು ಕಡಿಮೆ. ಟರ್ಬೊ ಇಲ್ಲದ ಕಾರನ್ನು ಶಿರಾಡಿ ಘಾಟಿ ಇಳಿಸಿ ಮಂಗಳೂರಿಗೆ ಒಯ್ಯಿರಿ, ಅಲ್ಲಿಯ ಸೆಕೆಗೆ ಒಂದಿಷ್ಟು ಕಳೆದರೂ ಸಿಗುವ ಗಾಳಿ ಯಾವ ಅಲ್ಯೂಮಿನಿಯಂ ಕೊಳವೆಗೂ ಸಾಟಿಯಲ್ಲ. ಮೀನೂಟ ಬೇರೆ :-)

ನನಗೆ ಹೆದರಿಕೆ ಇರೋದು ದುಡ್ಡಿನ ಬಗ್ಗೆ ಅಲ್ಲ, ಧೂಳಿನ ಬಗ್ಗೆ. ನೂರರಲ್ಲಿ 99 ಪಾಲು ಧೂಳು ತಡೆಯುವ ಫಿಲ್ಟರ್ ತೆಗೆದು 97 ತಡೆಯುವುದನ್ನು ಹಾಕಿದರೆ ವ್ಯತ್ಯಾಸ ಬರೀ ಎರಡು ಅನ್ನಿಸುತ್ತೆ. ಒಳಗೆ ಹೋಗುವ ಲೆಕ್ಕ ನೋಡಿ, ಒಂದು ಇದ್ದದ್ದು ಮೂರು! ಇವತ್ತು ಏನೂ ಗೊತ್ತಾಗಲ್ಲ. ಕೆಲವು ವರ್ಷ ಬಿಟ್ಟು ಕಾರು ಎಣ್ಣೆ ಕುಡಿಯತೊಡಗಿ, ಎಂಜಿನ್ ಬೋರಿಗೆ ಬಂತು ಅಂತ ಮೆಕ್ಯಾನಿಕ್ ಹೇಳಿದಾಗ ಯಾರೂ ಆ ಕೊಳವೆಯನ್ನು ನೆನೆಸಿಕೊಳ್ಳಲ್ಲ. ಅದಲ್ಲದೆ ತಂಪು ಗಾಳಿಗಾಗಿ ಫಿಲ್ಟರನ್ನು ಬಂಪರಿನ ಕೆಳಗೆ ಇಳಿಸಿದ ಕಿಟ್ ಆದರೆ, ಮಳೆಗಾಲದಲ್ಲಿ ತುಂಬಿದ ಅಂಡರ್‌ಪಾಸಿನಲ್ಲಿ ಎಂಜಿನ್ನು ಗಾಳಿ ಬದಲು ನೀರು ಕುಡಿಯುತ್ತೆ. ನೀರನ್ನು ಪಿಸ್ಟನ್ ಅದುಮಲಾರದು, ಕನೆಕ್ಟಿಂಗ್ ರಾಡೇ ಬಗ್ಗುತ್ತೆ.

ಹಾಗಂತ ಯಾರಿಗೂ ಬೇಡ ಅಂತಲ್ಲ. ಎಂಜಿನ್ನಿನ ಕ್ಯಾಮು, ಎಕ್ಸಾಸ್ಟು ಬದಲಿಸಿ, ಕಂಪ್ಯೂಟರಿನ ಮ್ಯಾಪು ತಿದ್ದಿ ರೇಸಿಗೆ ಹೋಗುವವರಿಗೆ ಕಾರ್ಖಾನೆಯ ಮೂಗು ನಿಜವಾಗಿಯೂ ಚಿಕ್ಕದಾಗುತ್ತೆ. ಸದ್ದು ಇಷ್ಟ, ಅದಕ್ಕೇ ಹಾಕಿಸ್ತೀನಿ ಅಂದರೆ ಅದೂ ಪ್ರಾಮಾಣಿಕ ಕಾರಣವೇ, ಹೋಮ್ ಥಿಯೇಟರ್ ಕೊಂಡ ಹಾಗೆ. ಅಕ್ಕನ ಮಗನಿಗೆ ಮಾತ್ರ ಕಂಪನಿಯದೇ ಹೊಸ ಪೇಪರ್ ಫಿಲ್ಟರ್ ಹಾಕಿಸು, ಡಬ್ಬಿಯ ಕ್ಲಿಪ್ಪು ಸರಿ ಕೂತಿದೆಯಾ ನೋಡು, ಉಳಿದ ದುಡ್ಡಲ್ಲಿ ಒಳ್ಳೆ ಟೈರು ಕೊಳ್ಳು ಅಂದೆ. ಮುಖ ಸಪ್ಪಗೆ ಮಾಡಿಕೊಂಡು ಹೋದ.

ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಆಯಿಲ್ ಬಾತ್ ಕ್ಲೀನರಿನ ಹಳೇ ಜೀಪು ಇನ್ನೂ ಓಡುತ್ತಿದ್ದರೆ, ಆ ಬಟ್ಟಲು ಬಿಚ್ಚಿ ಒಂದು ಫೋಟೋ ತೆಗೆದು ಹಾಕಿ ಮಾರಾಯ್ರೆ. ಕೆಸರು ತೊಳೆಯುವ ಮುಂಚೆ!