ಸುರಪುರ ಸೀಮೆಯಲ್ಲಿ ಮುಲ್ಕಿ-ಗೈರಮುಲ್ಕಿ ವಿಚಾರ

ಹೈದರಾಬಾದ ಸಂಸ್ಥಾನದ ದಫ್ತರಗಳಲ್ಲಿ ಮನುಷ್ಯರನ್ನು ಎರಡು ಪಂಗಡವಾಗಿ ಎಣಿಸುವ ರೂಢಿಯಿದ್ದಿತು. ಸಂಸ್ಥಾನದಲ್ಲಿ ಹುಟ್ಟಿದವನು ಇಲ್ಲವೆ ಬಹುಕಾಲ ಅಲ್ಲಿ ನೆಲೆಸಿದವನು ಮುಲ್ಕಿ. ಹೊರಗಿನಿಂದ ಬಂದವನು ಗೈರಮುಲ್ಕಿ. ‘ಮುಲ್ಕ’ವೆಂದರೆ ನಾಡು, ಆದುದರಿಂದ ಮುಲ್ಕಿಯೆಂದರೆ ನಾಡಿಗನೆಂದೇ ಅರ್ಥವು. ಶಬ್ದವೇನೋ ಸರಳವಾದುದು, ಆದರೆ ಅದರ ವ್ಯಾಜ್ಯವು ಮೂರು ತಲೆಮಾರುಗಳವರೆಗೆ ನಡೆದು, ಹೈದರಾಬಾದ ನಗರದ ಬೀದಿಗಳಲ್ಲಿ ರಕ್ತವನ್ನೂ ಹರಿಯಿಸಿತು. ಯಾದಗಿರಿ, ಶಹಾಪುರ, ಸುರಪುರ ಈ ಮೂರು ತಾಲೂಕುಗಳ ಜನರು ಆ ಶಬ್ದದ ಒಳಗಿದ್ದೂ ಹೊರಗಿನವರಂತೆ ಬಾಳಿದವರು. ಪರಸ್ಥಳದವರು ಬಂದು ತುಂಬಿದರೆಂಬ ದೂರು ಈ ಸೀಮೆಯಲ್ಲಿ ಯಾವಾಗ ಹುಟ್ಟಿತು, ಯಾತರ ಸಲುವಾಗಿ ಹುಟ್ಟಿತು ಎಂಬುದು ವಿಚಾರಿಸತಕ್ಕ ಸಂಗತಿಯಾಗಿದೆ.

ಸುರಪುರವು ನಾಯಕ ಅರಸರ ಕೈಯಲ್ಲಿದ್ದಾಗ ಇಂಥ ದೂರು ಇರಲಿಲ್ಲ. ಇದ್ದುದು ಇದಕ್ಕೆ ತೀರ ವಿರುದ್ಧವಾದ ಚಿಂತೆ. ೧೭೦೫ರಲ್ಲಿ ಮುದುಕನಾದ ಔರಂಗಜೇಬನು ತಾನೇ ದಂಡೆತ್ತಿ ಬಂದು ವಾಗಿನಗೇರಿಯ ಕೋಟೆಯನ್ನು ಮುತ್ತಿದನು. ಬೇಡರ ಪಡೆಯು ಕಡೆಗೆ ರಾತ್ರಿಯಲ್ಲಿ ಕೋಟೆಯನ್ನು ಬಿಟ್ಟು ನುಸುಳಿತು. ಬಾದಶಹನ ಕೈಗೆ ಸಿಕ್ಕಿದುದು ಬೆಂಕಿ ಹತ್ತಿದ ಬರಿಯ ಕೋಟೆ. ಇಂಥ ಯುದ್ಧಗಳನ್ನು ಕಂಡ ಸಣ್ಣ ಸಂಸ್ಥಾನಕ್ಕೆ ಬೇಕಾದುದು ಜನವೇ. ಭೂಮಿ ಬೇಕಾದಷ್ಟು ಇತ್ತು, ಉಳುವ ಕೈಗಳಿರಲಿಲ್ಲ. ದಖ್ಖಣದ ಅರಸರೆಲ್ಲರೂ ಬೀಳುನೆಲಕ್ಕೆ ಕೌಲು ಕೊಟ್ಟು, ಮೊದಲ ಕೆಲವು ವರುಷ ತೆರಿಗೆಯನ್ನು ಇಳಿಸಿ, ನೆರೆಸೀಮೆಯ ಒಕ್ಕಲುಗಳನ್ನು ಕರೆತರುತ್ತಿದ್ದರು. ತೆರಿಗೆ ವಿಪರೀತವಾದರೆ ರೈತರು ಊರು ಬಿಟ್ಟು ಮತ್ತೊಬ್ಬನ ಸೀಮೆಗೆ ಹೋಗುವದೇ ಆ ಕಾಲದ ದೊಡ್ಡ ಪ್ರತಿಭಟನೆ. ಅರಸನು ಹೆದರುತ್ತಿದ್ದುದು ಬರುವವರಿಗಲ್ಲ, ಹೋಗುವವರಿಗೆ. ಸುರಪುರದ ಆಸ್ಥಾನವೂ ಹೊರಗಿನವರಿಗೆ ಬಾಗಿಲು ತೆರೆದಿತ್ತು. ತೆಲುಗು ಸೀಮೆಯ ಶ್ರೀವೈಷ್ಣವ ವಿದ್ವಾಂಸರ ಮನೆತನಗಳು ಅಲ್ಲಿ ಆಶ್ರಯ ಪಡೆದುವು. ಚಿತ್ರಗಾರರು ಗರುಡಾದ್ರಿ ಮನೆತನದ ಹೆಸರಿನಿಂದ ಇಂದಿಗೂ ಪ್ರಸಿದ್ಧವಾಗಿರುವ ಸುರಪುರದ ಚಿತ್ರಸಂಪ್ರದಾಯವನ್ನು ಬೆಳೆಯಿಸಿದರು. ಇವರನ್ನು ಪರದೇಶಿಗಳೆಂದು ಯಾರೂ ಬಗೆಯಲಿಲ್ಲ.

೧೮೪೧ರಲ್ಲಿ ಮೆಡೋಜ್ ಟೇಲರ್ ಸಾಹೇಬನು ಇಲ್ಲಿಗೆ ಬಂದು, ಬಾಲಕನಾದ ರಾಜಾ ವೆಂಕಟಪ್ಪನಾಯಕನ ಪರವಾಗಿ ೧೮೫೩ರ ವರೆಗೆ ಆಡಳಿತ ನಡೆಯಿಸಿದನು. ಬೋನಾಳದ ಕೆರೆಯನ್ನು ದುರಸ್ತಿ ಮಾಡಿಸಿದುದು, ಕಂದಾಯದ ಲೆಕ್ಕಗಳನ್ನು ಸರಿಪಡಿಸಿದುದು ಮುಂತಾದ ಅವನ ಕೆಲಸಗಳ ಹಿಂದೆಯೂ ಅದೇ ಹಳೆಯ ಚಿಂತೆಯಿದ್ದಿತು: ಒಕ್ಕಲು ನಿಲ್ಲಬೇಕು, ಹೊಲ ಬೀಳಬಾರದು. ಅವನು ಹೋದ ಐದನೆಯ ವರುಷಕ್ಕೆ, ೧೮೫೮ರಲ್ಲಿ, ತರುಣ ರಾಜನ ಬಂಡಾಯ, ಸೆರೆ, ಮರಣ ಇವೆಲ್ಲವೂ ನಡೆದುಹೋದುವು. ಆ ಕಥೆಯು ವಾಚಕರಿಗೆ ತಿಳಿದದ್ದೇ. ೧೮೬೦ರಲ್ಲಿ ಇಂಗ್ಲಿಷರು ಸುರಪುರವನ್ನು ನಿಜಾಮನಿಗೆ ಒಪ್ಪಿಸಿದರು. ಸಣ್ಣ ನಾಡು ದೊಡ್ಡ ಮುಲ್ಕಿನ ಒಂದು ಮೂಲೆಯಾಯಿತು.

ಆ ದೊಡ್ಡ ಮುಲ್ಕಿನಲ್ಲಿ ಆಗ ಸಾಲಾರಜಂಗನ ದಿವಾಣಗಿರಿ. ಆಡಳಿತವನ್ನು ಹೊಸ ಮಾದರಿಗೆ ತರಬೇಕೆಂದು ಆತನು ಉತ್ತರ ಹಿಂದುಸ್ತಾನದಿಂದ ಕಲಿತವರನ್ನು ಕರೆತಂದನು; ಸಯ್ಯದ ಹುಸೇನ ಬಿಲ್ಗ್ರಾಮಿ, ಮುಂದೆ ಮೊಹಸಿನ-ಉಲ್-ಮುಲ್ಕನೆಂದು ಖ್ಯಾತನಾದ ಮೆಹದಿ ಅಲಿ ಮೊದಲಾದವರು ಈ ಬಗೆಯವರು. ಅವರ ಯೋಗ್ಯತೆಯ ವಿಷಯದಲ್ಲಿ ಸಂಶಯವಿಲ್ಲ. ಆದರೆ ಒಬ್ಬ ಅಧಿಕಾರಿಯ ಹಿಂದೆ ಅವನ ಅಳಿಯ, ಭಾವಮೈದುನ, ಊರಿನ ಪರಿಚಯದವರು ಬಂದು ಕಚೇರಿಗಳಲ್ಲಿ ಸೇರುವದು ಎಲ್ಲ ದೇಶದಲ್ಲಿಯೂ ಉಂಟು. ೧೮೮೦ರ ದಶಕದಲ್ಲಿ ಫಾರಸಿಯ ಸ್ಥಾನಕ್ಕೆ ಉರ್ದು ಬಂದ ಮೇಲೆ ಉತ್ತರದವರಿಗೆ ಇನ್ನಷ್ಟು ಅನುಕೂಲವಾಯಿತು. ಹೈದರಾಬಾದ ನಗರದ ಹಳೆಯ ಮನೆತನಗಳವರು ಅಸಮಾಧಾನಗೊಂಡರು. ಆ ಅಸಮಾಧಾನದ ಫಲವಾಗಿಯೇ ಮುಲ್ಕಿ ನಿಯಮಗಳು ಹುಟ್ಟಿ, ೧೯೧೯ರಲ್ಲಿ ಮೀರ ಉಸ್ಮಾನ ಅಲೀಖಾನನ ಫರ್ಮಾನಿನಿಂದ ಸ್ಥಿರವಾದ ರೂಪವನ್ನು ಪಡೆದುವು.

ಆ ನಿಯಮಗಳನ್ನು ತುಸು ನಿಧಾನವಾಗಿ ನೋಡಬೇಕು. ಸಂಸ್ಥಾನದ ಪ್ರಜೆಯಾಗಿ ಹುಟ್ಟಿದವನು ಮುಲ್ಕಿ. ಹದಿನೈದು ವರುಷ ಸಂಸ್ಥಾನದಲ್ಲಿ ವಾಸಮಾಡಿ, ತನ್ನ ಹುಟ್ಟೂರಿಗೆ ಮರಳುವ ಆಲೋಚನೆಯನ್ನು ತೊರೆದೆನೆಂದು ಪ್ರಮಾಣಪತ್ರ ಬರೆದುಕೊಟ್ಟವನೂ ಮುಲ್ಕಿ. ಮುಲ್ಕಿಯಾದವನನ್ನು ಮದುವೆಯಾದ ಹೆಂಗಸೂ ಮುಲ್ಕಿಯೇ. ಇವರ ಹೊರತು ಮಿಕ್ಕವರಿಗೆ ವಿಶೇಷ ಅಪ್ಪಣೆಯಿಲ್ಲದೆ ಸರಕಾರಿ ನೌಕರಿಯಿಲ್ಲ. ಇದರಲ್ಲಿ ಅನ್ಯಾಯವೇನೂ ತೋರುವದಿಲ್ಲ. ಹದಿನೈದು ವರುಷ ಅನ್ನನೀರುಂಡವನನ್ನು ನಾಡಿಗನೆಂದು ಒಪ್ಪಿಕೊಳ್ಳುವದು ಉದಾರವಾದ ನೀತಿಯೆಂದೇ ಹೇಳಬಹುದು. ಊನವಿದ್ದುದು ಬೇರೆಡೆಯಲ್ಲಿ. ಸುರಪುರದ ಒಕ್ಕಲಿಗನ ಮಗನು ಏಳು ತಲೆಮಾರಿನ ಮುಲ್ಕಿ. ಆದರೆ ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಉರ್ದು. ೧೯೧೮ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯವು ಉರ್ದುವಿನಲ್ಲಿಯೇ ಎಲ್ಲ ಶಾಸ್ತ್ರಗಳನ್ನು ಕಲಿಸಿತು. ಅದು ಹೊಸದಾದ, ಧೀರವಾದ ಪ್ರಯತ್ನವೆಂಬುದು ನಿಜ. ಆದರೆ ಕನ್ನಡದವನಿಗೆ ಅದರ ಮೆಟ್ಟಲು ಎತ್ತರದ್ದಾಯಿತು. ಸಂಸ್ಥಾನದ ಪ್ರಜೆಗಳಲ್ಲಿ ಕನ್ನಡಿಗರು ಹತ್ತರಲ್ಲೊಂದು ಪಾಲಿಗಿಂತ ತುಸು ಹೆಚ್ಚಾಗಿದ್ದರು. ಹುದ್ದೆಗಳಲ್ಲಿ ಅವರ ಪಾಲು ಅಷ್ಟಕ್ಕೂ ಮುಟ್ಟುವಂತಿರಲಿಲ್ಲ. ೧೯೩೫ರ ಸುಮಾರಿಗೆ ‘ಹೈದರಾಬಾದು ಹೈದರಾಬಾದಿಗಳಿಗೆ’ ಎಂಬ ಘೋಷವನ್ನೆತ್ತಿ ಮುಲ್ಕಿ ಲೀಗು ಎಂಬ ಸಂಘವು ರಾಜಧಾನಿಯಲ್ಲಿ ಹುಟ್ಟಿತು. ಆ ಘೋಷದಲ್ಲಿ ‘ಹೈದರಾಬಾದಿ’ ಎಂಬವನು ಚಾರಮಿನಾರಿನ ಸುತ್ತಿನವನೇ ಹೊರತು ಶಹಾಪುರದ ಗುಡ್ಡದ ಕೆಳಗಿನವನಲ್ಲ.

ಈ ನಡುವೆ ಯಾದಗಿರಿಯ ಸ್ಥಿತಿಯು ಉಳಿದೆರಡು ತಾಲೂಕುಗಳಿಗಿಂತ ಬೇರೆಯಾಗಿತ್ತು. ೧೮೭೧ರಲ್ಲಿ ಮುಂಬಯಿಯ ರೇಲ್ವೆಯು ರಾಯಚೂರಿನಲ್ಲಿ ಮದ್ರಾಸಿನ ರೇಲ್ವೆಯನ್ನು ಕೂಡಿದಾಗ ಯಾದಗಿರಿಯು ಆ ಹೆದ್ದಾರಿಯ ಮೇಲಿನ ನಿಲ್ದಾಣವಾಯಿತು. ರೇಲ್ವೆಯೊಂದಿಗೆ ದೂರದ ವರ್ತಕರೂ ಹತ್ತಿಯ ವ್ಯಾಪಾರವೂ ಬಂದುವು. ರೇಲ್ವೆಯಿಂದ ಬಂದವರನ್ನು ಪೇಟೆಯು ಸದ್ದಿಲ್ಲದೆ ಅರಗಿಸಿಕೊಂಡಿತು. ವ್ಯಾಪಾರಿಯು ತನ್ನ ಅಂಗಡಿಯನ್ನು ತಾನೇ ಕಟ್ಟುತ್ತಾನೆ. ಅಧಿಕಾರಿಯಾದರೋ ಇನ್ನೊಬ್ಬನು ಕೂಡ್ರಬೇಕಾದ ಕುರ್ಚಿಯಲ್ಲಿ ಕೂಡ್ರುತ್ತಾನೆ. ಜನರ ಸಿಟ್ಟು ಒಬ್ಬನ ಮೇಲೆ ತಿರುಗಿ ಮತ್ತೊಬ್ಬನನ್ನು ಬಿಟ್ಟುದಕ್ಕೆ ಇಷ್ಟೇ ಕಾರಣವೆಂದು ತೋರುತ್ತದೆ.

೧೯೪೭ ಮತ್ತು ೧೯೪೮ ಈ ಎರಡು ವರುಷಗಳಲ್ಲಿ ಲೆಕ್ಕವೆಲ್ಲ ತಲೆಕೆಳಗಾಯಿತು. ನೆರೆಯ ಪ್ರಾಂತಗಳ ಮುಸಲ್ಮಾನರು ದಂಗೆಗಳಿಗೆ ಅಂಜಿ ಹೈದರಾಬಾದ ಸಂಸ್ಥಾನವನ್ನು ಹೊಕ್ಕರು. ಅವರನ್ನು ಬೇಕೆಂದೇ ಕರೆಯಿಸಿ ನೆಲೆಗೊಳಿಸುತ್ತಿದ್ದಾರೆಂಬ ಆರೋಪವು ಎದ್ದಿತು. ಅದೇ ಕಾಲದಲ್ಲಿ ರಜಾಕಾರರ ಹಾವಳಿಗೆ ತತ್ತರಿಸಿದ ಕಲಬುರ್ಗಿ, ರಾಯಚೂರು ಸೀಮೆಗಳ ಜನರು ಗಂಟುಮೂಟೆ ಕಟ್ಟಿಕೊಂಡು ಗಡಿ ದಾಟಿ ವಿಜಾಪುರ, ಧಾರವಾಡ ಜಿಲ್ಲೆಗಳ ಶಿಬಿರಗಳನ್ನೂ ನೆಂಟರ ಪಡಸಾಲೆಗಳನ್ನೂ ಸೇರಿದರು. ೧೯೪೮ರ ಸಪ್ಟಂಬರ ೧೭ರಂದು ನಿಜಾಮನ ಸೈನ್ಯವು ಶರಣಾದ ಮೇಲೆ ಓಟದ ದಿಕ್ಕು ಬದಲಾಯಿತು. ಪಂಡಿತ ಸುಂದರಲಾಲರ ಸಮಿತಿಯು ಅತ್ಯಂತ ಹಾನಿಗೊಳಗಾದ ಜಿಲ್ಲೆಗಳೆಂದು ಹೆಸರಿಸಿದ ನಾಲ್ಕರಲ್ಲಿ ಕಲಬುರ್ಗಿಯೂ ಒಂದು. ಹಳ್ಳಿಗಳ ಮುಸಲ್ಮಾನ ಕುಟುಂಬಗಳು ಜೀವ ಹಿಡಿದು ಹೈದರಾಬಾದ ನಗರವನ್ನು ತುಂಬಿದುವು. ಹದಿನೈದು ವರುಷದ ಪ್ರಮಾಣಪತ್ರವನ್ನು ಕೇಳುವವರು ಆ ದಿನಗಳಲ್ಲಿ ಯಾರೂ ಇರಲಿಲ್ಲ.

ಹೊಸ ಆಡಳಿತಕ್ಕೆ ಮದ್ರಾಸು, ಮುಂಬಯಿ, ಮಧ್ಯಪ್ರಾಂತಗಳಿಂದ ಅಧಿಕಾರಿಗಳು ಬಂದರು. ಉರ್ದುವಿನ ಬದಲು ಇಂಗ್ಲಿಷು ಬಂದುದರಿಂದ ಉರ್ದುವನ್ನೇ ಕಲಿತ ಮುಲ್ಕಿಯು ನಿರುಪಯೋಗಿಯಾದನು. ಸುಳ್ಳು ಮುಲ್ಕಿ ಪತ್ರಗಳ ಮಾತೂ ಕೇಳಿಬಂದಿತು. ೧೯೫೨ರಲ್ಲಿ ವರಂಗಲ್ಲಿನಲ್ಲಿ ಹೊತ್ತಿದ ವಿದ್ಯಾರ್ಥಿಗಳ ಚಳವಳಿಯು ಸಪ್ಟಂಬರ ಮೊದಲ ವಾರದಲ್ಲಿ ಹೈದರಾಬಾದಿಗೆ ಮುಟ್ಟಿ, ಗೋಳೀಬಾರಿನಲ್ಲಿ ಹಲವರು ಮಡಿದರು. ಕನ್ನಡ ಜಿಲ್ಲೆಗಳು ಈ ಚಳವಳಿಯಲ್ಲಿ ಮುಂದಾಗಲಿಲ್ಲ. ಅದು ಸಹಜವೇ ಸರಿ. ಕನ್ನಡ ಶಾಲೆಗಳನ್ನು ತೆರೆಯುವದಕ್ಕೆ ಕನ್ನಡ ಬಲ್ಲ ಮಾಸ್ತರರು ಬೇಕಾಗಿದ್ದರು. ಅಂಥವರು ಕೃಷ್ಣೆಯ ಆಚೆಯಿಂದಲೇ ಬರಬೇಕಾಗಿತ್ತು. ಕಾಯಿದೆಯ ಭಾಷೆಯಲ್ಲಿ ಧಾರವಾಡದ ಮಾಸ್ತರನು ಗೈರಮುಲ್ಕಿ. ಶಹಾಪುರದ ಹುಡುಗನಿಗೆ ಅವನೇ ತನ್ನ ಮಾತಿನವನು.

೧೯೫೬ರ ನವಂಬರ ೧ರಂದು ಈ ಸೀಮೆಯು ಮೈಸೂರು ರಾಜ್ಯವನ್ನು ಕೂಡಿತು. ಮರುವರುಷವೇ, ೧೯೫೭ರಲ್ಲಿ, ಕೇಂದ್ರದ ಸಂಸತ್ತು ನೌಕರಿಗೆ ವಾಸದ ನಿಬಂಧನೆಯನ್ನು ಕುರಿತು ಒಂದು ಕಾಯಿದೆ ಮಾಡಿತು. ಅಂಥ ಹಳೆಯ ನಿಬಂಧನೆಗಳನ್ನೆಲ್ಲ ಅದು ತೆಗೆದುಹಾಕಿತು. ತೆಲಂಗಾಣಕ್ಕೂ ಹಿಮಾಚಲ, ಮಣಿಪುರ, ತ್ರಿಪುರಗಳಿಗೂ ಮಾತ್ರ ಕೆಲವು ಕಾಲದ ರಕ್ಷಣೆಗೆ ಎಡೆಗೊಟ್ಟಿತು. ಒಂದೇ ಸಂಸ್ಥಾನದ ಮೂರು ತುಂಡುಗಳಲ್ಲಿ ತೆಲುಗು ತುಂಡಿಗೆ ದೊರೆತುದು ಕನ್ನಡ, ಮರಾಠಿ ತುಂಡುಗಳಿಗೆ ದೊರೆಯಲಿಲ್ಲ. ತೆಲಂಗಾಣದವರು ೧೯೬೯ರಲ್ಲಿಯೂ ೧೯೭೨ರಲ್ಲಿಯೂ ಸುಪ್ರೀಂ ಕೋರ್ಟಿನ ತೀರ್ಪುಗಳನ್ನು ಹಿಡಿದು ಹೋರಾಡಿ, ೧೯೭೩ರ ತಿದ್ದುಪಡಿಯಿಂದ ಸಂವಿಧಾನದಲ್ಲಿಯೇ ಒಂದು ಕಲಮನ್ನು ಪಡೆದರು. ಕಲಬುರ್ಗಿ, ಬೀದರ, ರಾಯಚೂರುಗಳು ಐವತ್ತೈದು ವರುಷ ಕಾಯ್ದುವು. ಏಕೀಕರಣದ ಉತ್ಸಾಹದಲ್ಲಿ ಇದನ್ನು ಕೇಳುವದಕ್ಕೆ ಯಾರಿಗೂ ನಾಲಗೆ ಏಳಲಿಲ್ಲವೆಂದು ಕಾಣುತ್ತದೆ. ಅಣ್ಣತಮ್ಮಂದಿರ ಮನೆಗೆ ಬಂದವನು ತನ್ನ ಪಾಲಿನ ಪತ್ರವನ್ನು ಮೊದಲ ದಿನವೇ ಕೇಳುವದುಂಟೆ?

ಅಷ್ಟರಲ್ಲಿ ದೂರಿನ ನೆಲೆಯು ಕಚೇರಿಯಿಂದ ಹೊಲಕ್ಕೆ ಬಂದಿತು. ೧೯೬೪ರಲ್ಲಿ ಅಡಿಗಲ್ಲನ್ನು ಕಂಡ ಕೃಷ್ಣಾ ಮೇಲ್ದಂಡೆ ಯೋಜನೆಯಲ್ಲಿ ನಾರಾಯಣಪುರದ ಅಣೆಕಟ್ಟು ೧೯೮೨ರ ಸುಮಾರಿಗೆ ಮುಗಿದು, ಎಡದಂಡೆಯ ಕಾಲುವೆಯ ನೀರು ಸುರಪುರ, ಶಹಾಪುರಗಳ ಎರೆಭೂಮಿಗೆ ಹರಿಯಿತು. ಜೋಳ ಬಿತ್ತಿ ಆಕಾಶ ನೋಡುತ್ತಿದ್ದ ರೈತನಲ್ಲಿ ನೀರಾವರಿಗೆ ಬೇಕಾದ ಹಣವಿಲ್ಲ. ನೆಲವನ್ನು ಮಟ್ಟಮಾಡಿ ಮಡಿ ಕಟ್ಟುವ ರೂಢಿಯೂ ಇಲ್ಲ. ಸಾಲವು ಮಾತ್ರ ಉಂಟು. ಆಂಧ್ರದ ಕರಾವಳಿಯ ಜಿಲ್ಲೆಗಳಲ್ಲಿ ಭೂಮಿಯ ಬೆಲೆ ಏರಿತ್ತು. ಅಲ್ಲಿ ಒಂದು ಎಕರೆಯನ್ನು ಮಾರಿದವನು ಇಲ್ಲಿ ಹಲವು ಎಕರೆಗಳನ್ನು ಕೊಳ್ಳಬಹುದಾಗಿತ್ತು. ತುಂಗಭದ್ರೆಯ ಕಾಲುವೆ ಬಂದ ಕಾಲಕ್ಕೆ ಗಂಗಾವತಿ, ಸಿಂಧನೂರುಗಳಲ್ಲಿ ನಡೆದುದೇ ಇಲ್ಲಿಯೂ ನಡೆಯಿತು. ತೆಲುಗು ರೈತರು ಕುಟುಂಬಸಹಿತರಾಗಿ ಬಂದು, ಹೊಲದ ನಡುವೆಯೇ ಮನೆಗಳನ್ನು ಹಾಕಿದರು. ಆ ವಸತಿಗಳಿಗೆ ‘ಕ್ಯಾಂಪು’ ಎಂಬ ಹೆಸರು ನಿಂತಿತು.

ಅವರ ದುಡಿಮೆಯನ್ನು ಹೊಗಳದವರಿಲ್ಲ. ಜಾಲಿ ಬೆಳೆದ ನೆಲ ಬತ್ತದ ಗದ್ದೆಯಾಯಿತು. ಆದರೆ ಯೋಜನೆಯು ಲೆಕ್ಕ ಹಾಕಿದ್ದುದು ಜೋಳ, ಶೇಂಗಾ, ಹತ್ತಿಯಂಥ ಕಡಿಮೆ ನೀರಿನ ಬೆಳೆಗಳಿಗೆ. ಬತ್ತವು ಮೇಲಿನ ಹೊಲದಲ್ಲಿಯೇ ನೀರನ್ನು ಕುಡಿದರೆ ಕಾಲುವೆಯ ತುದಿಯವನಿಗೆ ಉಳಿಯುವದೇನು? ಮೇಲೆ ನೀರು ನಿಂತು ನೆಲ ಸವುಳಾಗುವದು, ಕೆಳಗೆ ಕಾಲುವೆ ಬತ್ತುವದು ಏಕಕಾಲದಲ್ಲಿ ಕಾಣಿಸಿಕೊಂಡುವು. ಹೊಲ ಮಾರಿದವರಲ್ಲಿ ಕೆಲವರು ಅದೇ ಹೊಲದಲ್ಲಿ ಕೂಲಿಯಾಳುಗಳಾದರು. ಇದರಲ್ಲಿ ತಪ್ಪೆಲ್ಲ ಬಂದವನದೆನ್ನುವದು ಸರಿಯಲ್ಲ. ಬತ್ತದ ರುಚಿ ಹತ್ತಿದ ಸ್ಥಳೀಕನೂ ಬತ್ತವನ್ನೇ ಹಾಕಿದನು. ನೀರು ಬರುವದು ಹತ್ತಾರು ವರುಷ ಮೊದಲೇ ಗೊತ್ತಿದ್ದೂ ರೈತನಿಗೆ ಸಾಲವನ್ನೂ ಶಿಕ್ಷಣವನ್ನೂ ಒದಗಿಸದೆ ಬಿಟ್ಟವರ ಹೊಣೆಯೇ ಹೆಚ್ಚಿನದು.

ಜನಸಂದಣಿಯೆಂಬ ಮಾತಿಗೂ ಇಲ್ಲಿ ಆಧಾರವಿಲ್ಲ. ೨೦೧೧ರ ಖಾನೇಸುಮಾರಿಯಲ್ಲಿ, ಅದಕ್ಕೆ ಒಂದು ವರುಷ ಮೊದಲಷ್ಟೆ ಹುಟ್ಟಿದ ಯಾದಗಿರಿ ಜಿಲ್ಲೆಯ ಜನಸಂಖ್ಯೆ ಸುಮಾರು ೧೧ ಲಕ್ಷ ೭೪ ಸಾವಿರ; ಚದರ ಕಿಲೋಮೀಟರಿಗೆ ಸುಮಾರು ೨೨೪ ಜನರು. ರಾಜ್ಯದ ಸರಾಸರಿ ೩೧೯. ಅಕ್ಷರ ಬಲ್ಲವರು ಶೇಕಡಾ ೫೧.೮೩, ಇದು ರಾಜ್ಯದಲ್ಲಿಯೇ ಕಡೆಯದು. ನಂಜುಂಡಪ್ಪನವರ ಸಮಿತಿಯು ೨೦೦೨ರಲ್ಲಿ ಅತ್ಯಂತ ಹಿಂದುಳಿದುವೆಂದು ಗುರುತಿಸಿದ ೩೯ ತಾಲೂಕುಗಳಲ್ಲಿ ಈ ಮೂರೂ ಇದ್ದುವು. ಜಾಗವಿಲ್ಲದ ನಾಡಲ್ಲ ಇದು. ಜಾಗದಲ್ಲಿ ನಿಲ್ಲುವ ಬಲವಿಲ್ಲದ ನಾಡು. ಬೇಸಗೆ ಬಂದಿತೆಂದರೆ ಹಳ್ಳಿಗಳಿಂದ ಕುಟುಂಬಗಳು ಗುಳೆ ಏಳುತ್ತವೆ. ಬೆಂಗಳೂರಿನ ಕಟ್ಟಡಗಳಿಗೆ, ಮುಂಬಯಿ, ಪುಣೆ, ಹೈದರಾಬಾದುಗಳಿಗೆ. ಅಲ್ಲಿ ಇವರೂ ಗೈರಮುಲ್ಕಿಗಳೇ. ೨೦೨೦ರ ಮೇ ತಿಂಗಳಲ್ಲಿ ಮಹಾರಾಷ್ಟ್ರದಿಂದ ಹಿಂದಿರುಗಿದ ಕೂಲಿಕಾರರಲ್ಲಿ ಕೊರೋನಾ ಬೇನೆಯು ಕಂಡುಬಂದು ಜಿಲ್ಲೆಯ ರೋಗಿಗಳ ಸಂಖ್ಯೆ ಏಕಾಏಕಿ ಏರಿದಾಗ, ಹುಟ್ಟಿದ ಊರಿನಲ್ಲಿಯೇ ಅವರನ್ನು ದೂರ ನಿಲ್ಲಿಸಿದ ಅಂಜಿಕೆಯು ಹಳೆಯ ಯಾವ ಫರ್ಮಾನಿನಲ್ಲಿಯೂ ಬರೆದುದಲ್ಲ.

ವೈಜನಾಥ ಪಾಟೀಲರೇ ಮೊದಲಾದವರು ದಶಕಗಳ ಕಾಲ ಪಟ್ಟುಹಿಡಿದು ಕೇಳಿದ ರಕ್ಷಣೆಯು ಸಂವಿಧಾನದ ೯೮ನೆಯ ತಿದ್ದುಪಡಿಯಿಂದ ೩೭೧(ಜೆ) ಕಲಮಾಗಿ ೨೦೧೩ರಲ್ಲಿ ಜಾರಿಗೆ ಬಂದಿತು. ಪ್ರದೇಶದ ಸರಕಾರಿ ಹುದ್ದೆಗಳಲ್ಲಿ ದರ್ಜೆಯನ್ನನುಸರಿಸಿ ಶೇಕಡಾ ೭೫ರಿಂದ ೮೫ರ ವರೆಗೆ ಸ್ಥಳೀಕರಿಗೆ ಮೀಸಲು. ಸ್ಥಳೀಕನೆಂದರೆ ಯಾರೆಂಬ ಪ್ರಶ್ನೆಗೆ ಉತ್ತರವು ೧೯೧೯ರದಕ್ಕೆ ಬಹಳ ದೂರದ್ದಲ್ಲ: ಇಲ್ಲಿ ಹುಟ್ಟಿದವನು, ಇಲ್ಲವೆ ೨೦೧೩ರ ಜನವರಿಗೆ ಮೊದಲು ಹತ್ತು ವರುಷ ಇಲ್ಲಿ ವಾಸಮಾಡಿದವನು. ಹದಿನೈದು ವರುಷ ಹತ್ತಾಗಿದೆ. ಹುಟ್ಟೂರನ್ನು ಮರೆಯುವ ಪ್ರಮಾಣವನ್ನು ಯಾರೂ ಕೇಳುವದಿಲ್ಲ. ಈ ನಿಯಮದಂತೆ, ಕಾಲುವೆಗೆ ನೀರು ಬಂದ ಮೇಲೆ ಶಹಾಪುರದ ಕ್ಯಾಂಪಿನಲ್ಲಿ ತೆಲುಗು ತಾಯಿತಂದೆಗಳಿಗೆ ಹುಟ್ಟಿದ ಮಗುವೂ, ಪುಣೆಯ ಕಟ್ಟಡದ ನೆರಳಿನಲ್ಲಿ ಬೆಳೆದು ಮರಳಿದ ಸುರಪುರದ ಕೂಲಿಯ ಮಗನೂ ತಹಶೀಲದಾರನ ಕಚೇರಿಯ ಮುಂದೆ ಒಂದೇ ಬಗೆಯ ಪತ್ರಕ್ಕಾಗಿ ಅರ್ಜಿ ಹಿಡಿದು ನಿಲ್ಲುತ್ತಾರೆ.