ಭೈರವಿಯ ನಾಲಗೆ, ಸಿನಿಮಾದ ಕೊರಳು

ಚಳ್ಳಕೆರೆ ದಾಟಿ ಬಳ್ಳಾರಿ ಕಡೆಗೆ ಹೊರಟವರಿಗೆ ದಾರಿಯಲ್ಲಿ ತಳುಕು ಸಿಗುತ್ತದೆ. ತಾಲ್ಲೂಕು ಚಳ್ಳಕೆರೆಯದು, ವೋಟು ಮಾತ್ರ ಮೊಳಕಾಲ್ಮೂರು ಕ್ಷೇತ್ರಕ್ಕೆ. ಬಸ್ಸಿನ ಕಿಟಕಿಯಿಂದ ನೋಡಿದರೆ ಬಯಲುಸೀಮೆಯ ಹತ್ತು ಊರುಗಳಂತೆ ಹನ್ನೊಂದನೆಯದು. ಆದರೆ ಕುವೆಂಪು ತಮ್ಮ ‘ಶ್ರೀ ರಾಮಾಯಣ ದರ್ಶನಂ’ ಮಹಾಕಾವ್ಯವನ್ನು ಅರ್ಪಿಸಿದ್ದು ಈ ಊರಿನ ಟಿ.ಎಸ್. ವೆಂಕಣ್ಣಯ್ಯನವರಿಗೆ. ಅದೇ ಮನೆತನದ ಇನ್ನೊಬ್ಬರು ತ.ರಾ. ಸುಬ್ಬರಾವ್, ಓದುಗರ ಬಾಯಲ್ಲಿ ತ.ರಾ.ಸು. 1920ರಲ್ಲಿ ಮಲೇಬೆನ್ನೂರಿನಲ್ಲಿ ಹುಟ್ಟಿದರೂ ಹೆಸರಿನ ಮುಂದೆ ಅವರು ಇಟ್ಟುಕೊಂಡದ್ದು ತಳುಕನ್ನು, ಕಾದಂಬರಿಗಳಲ್ಲಿ ತುಂಬಿಕೊಂಡದ್ದು ಚಿತ್ರದುರ್ಗವನ್ನು.

ಅವರ ‘ಹಂಸಗೀತೆ’ ಸಂಗೀತಗಾರನ ಕಥೆ. ಪಾಳೆಯಗಾರರ ದುರ್ಗ ಕೊನೆಯುಸಿರೆಳೆಯುತ್ತಿದ್ದ ಹದಿನೆಂಟನೇ ಶತಮಾನದ ಕೊನೆಯ ಭಾಗದಲ್ಲಿ ಭೈರವಿ ವೆಂಕಟಸುಬ್ಬಯ್ಯ ಎಂಬ ಗಾಯಕನಿದ್ದನಂತೆ, ಅರಸನ ಮುಂದೆ ಹಾಡಲೊಲ್ಲದೆ ನಾಲಗೆಯನ್ನೇ ಕತ್ತರಿಸಿಕೊಂಡನಂತೆ. ಈ ಐತಿಹ್ಯದ ಎಳೆ ಹಿಡಿದು ತ.ರಾ.ಸು. ಕೇಳಿದ ಪ್ರಶ್ನೆ ಹಳೆಯದೇ: ಹಾಡುವುದು ಯಾರಿಗಾಗಿ? ಅರಮನೆಗೋ, ಗುಡಿಗೋ, ಜನಕ್ಕೋ, ತನಗೋ? ತಮಾಷೆಯೆಂದರೆ, ಈ ಪ್ರಶ್ನೆ ಪುಸ್ತಕದಲ್ಲಿ ಉಳಿಯಲಿಲ್ಲ. ಒಮ್ಮೆ ಮುಂಬೈಯ ಜನಪ್ರಿಯ ಸಿನಿಮಾ ಆಯಿತು, ಇನ್ನೊಮ್ಮೆ ಕನ್ನಡದ ಕಲಾತ್ಮಕ ಸಿನಿಮಾ ಆಯಿತು. ಜನ ಮೆಚ್ಚುವ ಹಾಡು ಕಲೆಯಾಗಬಲ್ಲದೇ ಎಂದು ಸಂಗೀತಪ್ರಿಯರು ಎಲ್ಲೆಲ್ಲಿ ಜಗಳವಾಡುತ್ತಾರೋ ಅಲ್ಲೆಲ್ಲ ಇಡಬಹುದಾದ ಸಾಕ್ಷಿ ಈ ಒಂದು ಕಥೆಯ ಎರಡು ಜನ್ಮಗಳಲ್ಲಿದೆ.

ಕಾಲವೂ ಆ ಜಗಳದ್ದೇ. 1952ರಲ್ಲಿ ಕೇಂದ್ರದ ವಾರ್ತಾ ಮಂತ್ರಿಯಾದ ಬಿ.ವಿ. ಕೇಸ್ಕರ್ ಅವರಿಗೆ ಸಿನಿಮಾ ಹಾಡೆಂದರೆ ಆಗದು. ಶಾಸ್ತ್ರೀಯ ಸಂಗೀತದಿಂದ ದೇಶದ ಕಿವಿ ತಿದ್ದಬೇಕೆಂದು ಹೊರಟರು. ಆಕಾಶವಾಣಿಯಲ್ಲಿ ಚಿತ್ರಗೀತೆಗಳು ಸೊರಗಿ ಕೊನೆಗೆ ಹೆಚ್ಚುಕಡಿಮೆ ಇಲ್ಲವಾದವು. ಜನ ಸುಮ್ಮನೆ ಮುಳ್ಳು ತಿರುಗಿಸಿ ರೇಡಿಯೋ ಸಿಲೋನ್ ಹಿಡಿದರು. ಅಮೀನ್ ಸಯಾನಿಯವರ ಬಿನಾಕಾ ಗೀತ್‌ಮಾಲಾ ಮನೆಮಾತಾಯಿತು. 1957ರ ಅಕ್ಟೋಬರಿನಲ್ಲಿ ಸರ್ಕಾರವೇ ವಿವಿಧ ಭಾರತಿ ತೆರೆದು ಸಿನಿಮಾ ಹಾಡಿಗೆ ಬಾಗಿಲು ಬಿಡಬೇಕಾಯಿತು.

ಈ ಗಲಾಟೆಯ ನಡುವೆಯೇ, 1956ರಲ್ಲಿ, ‘ಹಂಸಗೀತೆ’ಯನ್ನು ಆಧರಿಸಿದ ‘ಬಸಂತ್ ಬಹಾರ್’ ಬಂತು. ನಿರ್ದೇಶನ ರಾಜಾ ನವಾಥೆ, ನಾಯಕ ಭರತ್ ಭೂಷಣ್, ಸಂಗೀತ ಶಂಕರ್–ಜೈಕಿಶನ್. ‘ಬರ್ಸಾತ್’, ‘ಆವಾರಾ’ಗಳ ಹಾಡುಗಳಿಂದ ಬೀದಿಬೀದಿ ಗೆದ್ದಿದ್ದ ಜೋಡಿ ಅದು. ರಾಗದ ಕಥೆಗೆ ಇವರೇ ಎಂದು ಮೂಗು ಮುರಿದವರಿಗೆ ಉತ್ತರ ಕೊಡಬೇಕಿತ್ತು. ಕಥೆಯಲ್ಲಿ ಆಸ್ಥಾನ ಗಾಯಕನಿಗೂ ನಾಯಕನಿಗೂ ಸ್ಪರ್ಧೆಯ ಸನ್ನಿವೇಶ. ಆಸ್ಥಾನ ಗಾಯಕನ ದನಿಗೆ ಗದಗಿನ ಭೀಮಸೇನ ಜೋಶಿಯವರನ್ನು ಕರೆಸಿದರು. ನಾಯಕನ ದನಿಗೆ ಮನ್ನಾ ಡೇ.

ಕಥೆಯ ಪ್ರಕಾರ ಗೆಲ್ಲಬೇಕಾದ್ದು ನಾಯಕ. ಅಂದರೆ ಸಿನಿಮಾ ಗಾಯಕ ಹಿಂದೂಸ್ತಾನಿಯ ಸಿಂಹವನ್ನು ಸೋಲಿಸಬೇಕು. ಸುದ್ದಿ ಕೇಳಿ ಮನ್ನಾ ಡೇ ಊರು ಬಿಟ್ಟು ಓಡಿಹೋಗುವ ಯೋಚನೆ ಮಾಡಿದ್ದರಂತೆ. ಮಡದಿ ಧೈರ್ಯ ತುಂಬಿದ ಮೇಲೆ ತಾಲೀಮಿಗೆ ಕೂತೆ ಎಂದು ಅವರೇ ಮುಂದೆ ಹೇಳಿಕೊಂಡಿದ್ದಾರೆ. ಇವತ್ತು ಕೇಳಿದರೂ ಆ ಸ್ಪರ್ಧೆಯ ಹಾಡಿನ ಕಟ್ಟಡ ಬೆರಗು ಹುಟ್ಟಿಸುತ್ತದೆ. ವಸಂತದ ಹೂಗಳನ್ನು ಹೆಸರಿಸುತ್ತಾ ನಿಧಾನವಾಗಿ ರಾಗದ ಮೆಟ್ಟಿಲು ಹತ್ತುತ್ತದೆ, ಲಯ ಏರುತ್ತದೆ, ಆಮೇಲೆ ತಾನಿಗೆ ತಾನು, ಸವಾಲಿಗೆ ಜವಾಬು. ಕಛೇರಿಯಲ್ಲಿ ಗಂಟೆಗಟ್ಟಲೆ ಬಿಡಿಸಬಹುದಾದ ರಾಗವನ್ನು ಕೆಲವೇ ನಿಮಿಷಕ್ಕೆ ಹಿಡಿಸಿ, ರಾಗ ಗೊತ್ತಿಲ್ಲದವನೂ ಯಾರು ಗೆದ್ದರೆಂದು ಕಿವಿಯಲ್ಲೇ ತಿಳಿಯುವಂತೆ ಮಾಡುವುದು ಹುಡುಗಾಟವಲ್ಲ. ಶಾಸ್ತ್ರವನ್ನು ತೆಳುಮಾಡಿದರು ಎನ್ನುವವರು ಈ ಬಿಗಿಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಹಾಗೆಂದು ಆಕ್ಷೇಪಕ್ಕೆ ಹುರುಳಿಲ್ಲವೆಂದಲ್ಲ. ಐತಿಹ್ಯದ ವೆಂಕಟಸುಬ್ಬಯ್ಯ ಹಾಡದೆ ಇರುವುದರಿಂದ ದೊಡ್ಡವನಾಗುತ್ತಾನೆ. ಸಿನಿಮಾದವನು ಹಾಡಿ ಗೆದ್ದು ದೊಡ್ಡವನಾಗಬೇಕು. ದುಡ್ಡು ಕೊಟ್ಟು ಬಂದ ಪ್ರೇಕ್ಷಕನಿಗೆ ಮೌನ ಮಾರುವುದು ಹೇಗೆ?

ಇತ್ತ ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ಹಳ್ಳಿಗಳಲ್ಲಿ ಈ ಎರಡು ಲೋಕಗಳ ನಡುವಿನ ಗೋಡೆ ಎಂದೂ ಗಟ್ಟಿಯಾಗಿರಲಿಲ್ಲ. ಸುಗ್ಗಿ ಮುಗಿದ ಮೇಲೆ, ಜಾತ್ರೆಯ ಹೊತ್ತಿಗೆ, ‘ಕುರುಕ್ಷೇತ್ರ’ದಂಥ ಪೌರಾಣಿಕ ನಾಟಕಗಳ ತಾಲೀಮು. ದುರ್ಯೋಧನನ ಪಾತ್ರ ಹಿಡಿದವನು ಹಗಲು ಶೇಂಗಾ ಹೊಲದಲ್ಲಿರುತ್ತಾನೆ. ರಾತ್ರಿ ಹಾರ್ಮೋನಿಯಂ ಮೇಷ್ಟ್ರು ಶ್ರುತಿ ಹಿಡಿದು ಕಂದಪದ್ಯವನ್ನು ಒಂದೊಂದು ಸಾಲಾಗಿ ಹೇಳಿಕೊಡುತ್ತಾರೆ. ರಾಗದ ಹೆಸರು ಗೊತ್ತಿರಬೇಕಿಲ್ಲ, ಸಂಗತಿ ತಪ್ಪಿದರೆ ಮಾತ್ರ ಬೈಗುಳ ಖಂಡಿತ. ಕೊನೆಯಲ್ಲಿ ‘ಒನ್ಸ್ ಮೋರ್’ ಬಿದ್ದರೆ ಸತ್ತ ಪಾತ್ರವೂ ಎದ್ದು ಇನ್ನೊಮ್ಮೆ ಹಾಡಿ ಸಾಯುತ್ತದೆ.

ಈ ಹಾಡುಗಳ ಬೇರು ಕಂಪನಿ ನಾಟಕದಲ್ಲಿದೆ. 1884ರಲ್ಲಿ ಶುರುವಾದ ಗುಬ್ಬಿ ಕಂಪನಿಯಂಥವು ಕರ್ನಾಟಕ ಸಂಗೀತದ ಕೃತಿಯನ್ನೂ ಮರಾಠಿ ರಂಗದ ಹಾಡನ್ನೂ ಪಾರ್ಸಿ ಧಾಟಿಯನ್ನೂ ಕಂಡಲ್ಲಿ ಎತ್ತಿಕೊಂಡು ಕನ್ನಡದ ಮಾತು ಕೂರಿಸಿದವು. ಹಾಡಿನ ಪುಸ್ತಕದಲ್ಲಿ ಇಂಥ ಹಾಡಿನ ಮಟ್ಟು ಎಂದು ಮುಚ್ಚುಮರೆಯಿಲ್ಲದೆ ಅಚ್ಚುಹಾಕುತ್ತಿದ್ದರು. ಮುಂದೆ ಸಿನಿಮಾದ ಮಟ್ಟುಗಳೂ ಬಂದು ಸೇರಿದವು. ಯಾವುದು ಘನ, ಯಾವುದು ಹಗುರ ಎಂದು ಸಭಿಕರು ಕೇಳಲಿಲ್ಲ. ಕೇಳಿದ್ದು ರೇಡಿಯೋ. ಗಮಕ ನುಡಿಯಲಾರದ, ಸ್ಥಿರ ಸ್ವರಗಳ ವಿಲಾಯಿತಿ ಪೆಟ್ಟಿಗೆ ಎಂದು ಆಕಾಶವಾಣಿ 1940ರಿಂದ ಸುಮಾರು ಮೂವತ್ತು ವರ್ಷ ಹಾರ್ಮೋನಿಯಂಗೆ ಬಹಿಷ್ಕಾರ ಹಾಕಿತ್ತು. ದೆಹಲಿಯಲ್ಲಿ ಅಸ್ಪೃಶ್ಯವಾಗಿದ್ದ ಆ ಪೆಟ್ಟಿಗೆಯೇ ನಮ್ಮ ಹಳ್ಳಿಗಳಲ್ಲಿ ರಾಗದ ಏಕೈಕ ಪಾಠಶಾಲೆ.

ಗುಬ್ಬಿ ಕಂಪನಿಯಲ್ಲಿ ಪಳಗಿ ಸಿನಿಮಾಕ್ಕೆ ಬಂದವರಲ್ಲಿ ಜಿ.ವಿ. ಅಯ್ಯರ್ ಒಬ್ಬರು. ‘ಬೇಡರ ಕಣ್ಣಪ್ಪ’ದಲ್ಲಿ ನಟಿಸಿದರು, ಚಿತ್ರ ನಿರ್ಮಿಸಿದರು, ಹಾಡು ಬರೆದರು. ಅ.ನ.ಕೃ. ಕಾದಂಬರಿಯ ‘ಸಂಧ್ಯಾರಾಗ’ 1966ರಲ್ಲಿ ತೆರೆಗೆ ಬಂದಾಗ ಅದರ ಗೀತರಚನೆಯಲ್ಲೂ ಅವರ ಕೈಯಿತ್ತು. ರಾಜ್‌ಕುಮಾರ್ ನಾಯಕರಾಗಿದ್ದ ಆ ಚಿತ್ರಕ್ಕೆ ಭೀಮಸೇನ ಜೋಶಿ ಹಾಡಿದರು, ಬಾಲಮುರಳಿಕೃಷ್ಣ ಹಾಡಿದರು, ಟೆಂಟಿನ ನೆಲದ ಮೇಲೆ ಕೂತವರು ಆ ಹಾಡುಗಳನ್ನು ಗುನುಗುತ್ತಾ ಮನೆಗೆ ಹೋದರು.

ಅದೇ ಅಯ್ಯರ್ 1975ರಲ್ಲಿ ಮಗ್ಗುಲು ಬದಲಿಸಿ ‘ಹಂಸಗೀತೆ’ಯನ್ನು ಕನ್ನಡದಲ್ಲೇ ತೆಗೆದರು. ಅನಂತನಾಗ್ ವೆಂಕಟಸುಬ್ಬಯ್ಯನಾದರು. ಹಾಡಿದ್ದು ಬಾಲಮುರಳಿಕೃಷ್ಣ. ಮುಂಬೈಯ ಚಿತ್ರ ಹೊಳಪು ಹಚ್ಚಿದ್ದ ಕಥೆಗೆ ಇಲ್ಲಿ ದುರ್ಗದ ಬಂಡೆ, ಬಿಸಿಲು, ಗುಡಿಯ ಕತ್ತಲೆ ಮರಳಿ ಬಂದವು. ಆ ವರ್ಷದ ಅತ್ಯುತ್ತಮ ಕನ್ನಡ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಬಂತು, ಬಾಲಮುರಳಿಕೃಷ್ಣರಿಗೆ ಅತ್ಯುತ್ತಮ ಹಿನ್ನೆಲೆ ಗಾಯಕ ಪ್ರಶಸ್ತಿಯೂ ಬಂತು. ಜನಪ್ರಿಯ ಚಿತ್ರರಂಗದಲ್ಲಿ ಅರ್ಧ ಆಯುಷ್ಯ ಸವೆಸಿದವರು ಒಂದೇ ಜಿಗಿತಕ್ಕೆ ‘ಕಲಾತ್ಮಕ’ರಾದರು ಎಂದು ಬರೆಯುವುದು ಸುಲಭ. ಆದರೆ ಪಾತ್ರ, ಹಾಡು, ಮೌನ ಇವುಗಳನ್ನು ಎಲ್ಲಿ ಕೂರಿಸಬೇಕೆಂಬ ಕಸುಬನ್ನು ಅವರು ಕಲಿತದ್ದು ಆ ಹಳೆಯ ಅರ್ಧದಲ್ಲೇ.

ಕಾದಂಬರಿಕಾರ ತ.ರಾ.ಸು. ಅವರಿಗೆ ಸಿನಿಮಾದ ಮೇಲೆ ಮುನಿಸು ಇತ್ತು, ಅದೂ ಬೇರೊಂದು ಚಿತ್ರದ ವಿಷಯಕ್ಕೆ. ಅವರ ಮೂರು ಕಾದಂಬರಿಗಳನ್ನು ಹೆಣೆದು ಪುಟ್ಟಣ್ಣ ಕಣಗಾಲ್ 1972ರಲ್ಲಿ ‘ನಾಗರಹಾವು’ ತೆಗೆದರು. ವಿಷ್ಣುವರ್ಧನ್ ರಾಮಾಚಾರಿಯಾಗಿ ಮನೆಮಾತಾದದ್ದು, ದುರ್ಗದ ಕೋಟೆ ಇಡೀ ನಾಡಿನ ಕಣ್ಣಿಗೆ ಬಿದ್ದದ್ದು ಆಗಲೇ. ನಾಗರಹಾವನ್ನು ಕೇರೆಹಾವು ಮಾಡಿದರು ಎಂದು ತ.ರಾ.ಸು. ಬೇಸರಪಟ್ಟರೆಂಬ ಮಾತು ಇಂದಿಗೂ ಚಿತ್ರಪ್ರಿಯರ ಬಾಯಲ್ಲಿದೆ. ವಿಜಯಭಾಸ್ಕರ್ ಸಂಗೀತದ ಆ ಹಾಡುಗಳಿಗೆ ಮಾತ್ರ ಯಾರೂ ವಿಷವಿಲ್ಲ ಎನ್ನಲಿಲ್ಲ. ಪಿ.ಬಿ. ಶ್ರೀನಿವಾಸ್ ದನಿಯ ಓಬವ್ವನ ಹಾಡಂತೂ ಲಾವಣಿಯ ಕೆಲಸವನ್ನೇ ಮಾಡಿತು: ಒನಕೆ ಹಿಡಿದ ಹೆಂಗಸಿನ ಕಥೆಯನ್ನು ಪುಸ್ತಕ ಮುಟ್ಟದವರ ಮನೆಗೂ ಮುಟ್ಟಿಸಿತು.

ಜನ ಮೆಚ್ಚುವುದು ಕಲೆಯೇ ಎಂಬ ಇದೇ ತಕರಾರು ಇಂಗ್ಲೆಂಡಿನಲ್ಲಿ ಬೇರೆ ವೇಷ ತೊಟ್ಟಿತ್ತು. 1977ರ ಪಂಕ್ ಅಬ್ಬರ ಇಳಿದ ಮೇಲೆ ಬಂದ ಪೋಸ್ಟ್-ಪಂಕ್ ಗುಂಪುಗಳು ಮುರಿದ ಲಯ, ಒರಟು ಗಿಟಾರ್, ತತ್ತ್ವ–ರಾಜಕೀಯದ ಮಾತು ಹಿಡಿದು ತಾವೇ ನಿಜವಾದ ಕಲಾವಿದರು ಎಂಬಂತಿದ್ದವು. ಅವಕ್ಕೆ ಪಾಪ್ ಎಂದರೆ ಅಂಗಡಿ ಸರಕು. ಅವುಗಳಲ್ಲೊಂದಾದ ಸ್ಕ್ರಿಟ್ಟಿ ಪೊಲಿಟ್ಟಿಯ ಗ್ರೀನ್ ಗಾರ್ಟ್‌ಸೈಡ್ 1980ರ ಸುಮಾರಿಗೆ ಕಾಯಿಲೆ ಬಿದ್ದು ವೇಲ್ಸ್‌ನ ಮನೆಗೆ ಹೋದರು. ಅಲ್ಲಿ ಅಮೆರಿಕದ ಕರಿಯರ ಸೋಲ್ ಸಂಗೀತ ಕೇಳುತ್ತಾ ಮನಸ್ಸು ಬದಲಾಯಿತು. ಪಾಪ್ ಯಾಕೆ ಮಾಡಬೇಕೆಂದು ಜೊತೆಗಾರರನ್ನು ಒಪ್ಪಿಸಲು ಪುಟಗಟ್ಟಲೆ ಬರೆದರು. 1985ರ ‘ಕ್ಯೂಪಿಡ್ ಅಂಡ್ ಸೈಕಿ 85’ ಅಪ್ಪಟ ಪಾಪ್. ಅದರ ಒಂದು ಹಾಡನ್ನು ಮರುವರ್ಷ ಜಾಝ್‌ನ ಮಹಾಗುರು ಮೈಲ್ಸ್ ಡೇವಿಸ್ ತಮ್ಮ ‘ಟುಟು’ ಆಲ್ಬಮ್‌ನಲ್ಲಿ ನುಡಿಸಿದರು. ಭೀಮಸೇನ ಜೋಶಿ ಸಿನಿಮಾಕ್ಕೆ ಹಾಡಿದ್ದನ್ನು ಅಪಚಾರವೆಂದವರ ಮಾತಿಗೂ ಮೈಲ್ಸ್ ಅಭಿಮಾನಿಗಳ ಗೊಣಗಾಟಕ್ಕೂ ಬಹಳ ದೂರವಿಲ್ಲ.

ಇಷ್ಟೆಲ್ಲ ವಾದದಲ್ಲಿ ಎರಡೂ ಕಡೆಯವರು ಮರೆತ ದನಿಯೊಂದು ತಳುಕಿನ ಸುತ್ತಲೇ ಇತ್ತು. ಚಳ್ಳಕೆರೆ ತಾಲ್ಲೂಕಿನ ಕಾಡುಗೊಲ್ಲರ ಹಟ್ಟಿಗಳಲ್ಲಿ ಜುಂಜಪ್ಪ, ಎತ್ತಪ್ಪ, ಕ್ಯಾತಪ್ಪರ ಕಥೆಗಳನ್ನು ಪದಕಟ್ಟಿ ಹಾಡುತ್ತಾರೆ. ಪುರ್ಲಹಳ್ಳಿಯಲ್ಲಿ ಮುಳ್ಳಿನ ಗುಡಿ ಕಟ್ಟಿ, ಬರಿಗಾಲಲ್ಲಿ ಅದರ ಮೇಲೇರಿ ಕಳಶ ಇಳಿಸುವ ಪರಿಷೆ ಈ ಕ್ಯಾತಪ್ಪನದೇ. ಜುಂಜಪ್ಪನ ಪದಕ್ಕೆ ಗಣೆ ಬೇಕು. ಉದ್ದನೆಯ ಬಿದಿರಿನ ಆ ಕೊಳಲಿಗೆ ಉಸಿರು ತುಂಬಿದರೆ ದನಿ ಸಣ್ಣಗೆ ಹೊರಡುವುದಿಲ್ಲ, ಮೈದುಂಬಿ ಹೊರಡುತ್ತದೆ. ಮ್ಯಾಸಬೇಡರ ದೇವರುಗಳಿಗೆ ಉರುಮೆ ಬೇಕು. ಒಂದು ಮಗ್ಗುಲಿಗೆ ಕೋಲಿನ ಪೆಟ್ಟು, ಇನ್ನೊಂದು ಮಗ್ಗುಲಿನ ಚರ್ಮದ ಮೇಲೆ ಬಾಗಿದ ಕೋಲಿನ ಉಜ್ಜು. ಆ ಉಜ್ಜಿನಿಂದ ಹುಟ್ಟುವ ನರಳು ಕೇಳಿದರೆ ಗಡಿಯಾಚೆಯ ತೆಲುಗು ಹಾಡು, ಈಚೆಯ ಕನ್ನಡ ಹಾಡು ಎಂಬ ಭೇದ ಉಳಿಯುವುದಿಲ್ಲ. ಬೇಡರಿಗೆ ಎರಡೂ ಮನೆಯ ಮಾತೇ.

ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಓದು ಬರಹ ಕಲಿತವರಲ್ಲ. ನೆನಪಿನಲ್ಲಿದ್ದ ಪದಗಳು ಸಾವಿರಗಟ್ಟಲೆ. ಕೃಷ್ಣಮೂರ್ತಿ ಹನೂರರು ಅವರ ಮುಂದೆ ಕೂತು ಕೇಳಿ ಸಂಗ್ರಹಿಸಿದ್ದು ‘ಸಾವಿರದ ಸಿರಿಬೆಳಗು’ ಆಯಿತು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಸಿರಿಯಜ್ಜಿಗೆ ನಾಡೋಜ ಗೌರವ ಕೊಟ್ಟಿತು. ಹಟ್ಟಿಯೊಳಗೆ ಅವರು ಹಾಡಿದ್ದು ಬೀಸುವಾಗಿನ, ಮದುವೆ ಮನೆಯ, ದೇವರ ಹಬ್ಬದ ಪದ. ಎಲ್ಲರೂ ಬಲ್ಲ ಪದ, ಅಂದರೆ ಪೂರಾ ಜನಪ್ರಿಯ. ಟೇಪು ತಿರುಗಿ, ಪುಸ್ತಕ ಅಚ್ಚಾಗಿ, ಪದವಿ ಬಂದ ಮೇಲೆ ಅದೇ ಪದ ಕಾವ್ಯವೆನಿಸಿತು. ಪದದ ಒಂದಕ್ಷರವೂ ಈ ನಡುವೆ ಬದಲಾಗಿರಲಿಲ್ಲ. ಕೇಸ್ಕರ್ ಕಾಲದ ಪಂಡಿತರ ಪಟ್ಟಿಯಲ್ಲಿ ಸಿರಿಯಜ್ಜಿಯಂಥವರಿಗೆ ಜಾಗವಿರಲಿಲ್ಲ, ಸಿನಿಮಾ ಕಂಪನಿಗಳಿಗೂ ಈ ಹಟ್ಟಿಯ ದಾರಿ ಗೊತ್ತಿರಲಿಲ್ಲ. ಶಾಸ್ತ್ರೀಯ, ಜನಪ್ರಿಯ ಎಂದು ಕಿತ್ತಾಡಿದ ಇಬ್ಬರ ಕೈಯಲ್ಲೂ ಮೈಕು ಇತ್ತು. ಹಟ್ಟಿಗೆ ಮೈಕು ಬಂದದ್ದು ತಡವಾಗಿ.

ಈಗ ಆ ಹಳೆಯ ಪಾಳಯಗಳೂ ಅದಲುಬದಲಾಗಿವೆ. 1956ರಲ್ಲಿ ಸಿನಿಮಾ ಸರಕೆನಿಸಿದ್ದ ಮನ್ನಾ ಡೇ–ಜೋಶಿಯವರ ಹಾಡನ್ನು ಇವತ್ತಿನ ಗಾಯನ ಸ್ಪರ್ಧೆಗಳಲ್ಲಿ ಶಾಸ್ತ್ರೀಯ ತಯಾರಿಗೆ ಒರೆಗಲ್ಲಾಗಿ ಇಡುತ್ತಾರೆ. ಜಾತ್ರೆಗಳಲ್ಲಿ ಉರುಮೆಯ ಪಕ್ಕದಲ್ಲೇ ಡಿಜೆ ಪೆಟ್ಟಿಗೆಗಳು ನಿಂತಿವೆ, ಹಿರಿಯರು ಅವನ್ನು ಬೈಯುವ ಮಾತು ಹಾರ್ಮೋನಿಯಂಗೆ ಒಂದು ಕಾಲದಲ್ಲಿ ಬಿದ್ದ ಮಾತಿನಂತೆಯೇ ಇದೆ. ನವೆಂಬರ್ 11ನ್ನು ರಾಜ್ಯ ಸರ್ಕಾರ 2021ರಿಂದ ಒನಕೆ ಓಬವ್ವ ಜಯಂತಿಯಾಗಿ ಆಚರಿಸುತ್ತಿದೆ. ಅಂದು ಶಾಲೆಯ ಮಕ್ಕಳು ಕಚ್ಚೆ ಕಟ್ಟಿ ಒನಕೆ ಎತ್ತಿ ಕುಣಿಯಲು ಹೆಚ್ಚಾಗಿ ಹುಡುಕುವ ಹಾಡು ತ.ರಾ.ಸು.ಗೆ ಒಪ್ಪಿಗೆಯಾಗದ ಚಿತ್ರದ್ದೇ.